ಅಷ್ಟರಮಟ್ಟಿಗೆ

ಕೋರ್ಟಿನ ಕಾಂಪೌಂಡಿಗೆ ಒರಗಿದ ನನ್ನ ಮೇಜಿಗೆ
ಮೂರೇ ಕಾಲು; ನಾಲ್ಕನೆಯದು ಇಟ್ಟಿಗೆ.
ಇಪ್ಪತ್ತೆರಡು ವರ್ಷ ಇಲ್ಲಿ ಬಳ್ಳಾರಿಯ ಜಗಳಗಳನ್ನು
ಪುಟಕ್ಕಿಷ್ಟು ಎಂಬ ದರದಲ್ಲಿ ಟೈಪು ಮಾಡಿದ್ದೇನೆ.

ಮಲ್ಲಾರಿರಾವ್ ಬಂದದ್ದು ಒಂದು ಏಪ್ರಿಲ್ಲಿನಲ್ಲಿ,
ತಲೆ ಮೇಲೆ ಒದ್ದೆ ಟವಲು, ಬೆನ್ನಿಗೆ ಗಾದಿಲಿಂಗ.
ಗಾದಿಲಿಂಗನ ಉಗುರಿನ ಸಂದಿಯಲ್ಲಿ ನೀಲಿ,
ಎಷ್ಟು ಉಜ್ಜಿದರೂ ಹೋಗದ ಜೀನ್ಸಿನ ನೀಲಿ.
"ಬರೀರಿ" ಅಂದ ಮಾಲೀಕ,
"ನಮ್ಮಲ್ಲಿ ಕೆಲಸ ಬಿಟ್ಟ ಮೇಲೆ ಎರಡು ವರ್ಷ
ಐವತ್ತು ಕಿಲೋಮೀಟರಿನೊಳಗೆ
ಇವನು ಯಾರಿಗೂ ಪ್ಯಾಂಟು ಕತ್ತರಿಸಬಾರದು."

ಬರೆದೆ.
ಕುಡಿತಿನಿ ದಾಟಿತು, ಕುರುಗೋಡು ದಾಟಿತು,
ಗುಂತಕಲ್ಲಿನ ಕಡೆ ಆಂಧ್ರವೂ ಒಂದಿಷ್ಟು ಸೇರಿತು.
ಗಾದಿಲಿಂಗ ಓದಲಿಲ್ಲ. ಸ್ಟಾಂಪ್ ಪೇಪರನ್ನು
ಎರಡು ಬೆರಳ ನಡುವೆ ಹಿಡಿದು
ಬಟ್ಟೆಯ ಹಾಗೆ ಉಜ್ಜಿ ನೋಡಿದ.
"ತೆಳ್ಳಗೈತೆ" ಅಂದ. ಸಹಿ ಹಾಕಿದ.

ನನಗೆ ಗೊತ್ತಿತ್ತು.
ವಕೀಲರು ಹೇಳಿ ಬರೆಸುವಾಗ ಎಷ್ಟು ಸಲ
ಈ ಬೆರಳಿನಡಿ ಹಾದಿದೆ ಇಪ್ಪತ್ತೇಳನೆಯ ಕಲಮು,
ಬ್ರಿಟಿಷರ ಕಾಲದ್ದು, ಇನ್ನೂ ಗಟ್ಟಿ:
ನ್ಯಾಯವಾದ ಕಸುಬಿನಿಂದ ಯಾರನ್ನೇ ತಡೆವ ಕರಾರು
ಅಷ್ಟರಮಟ್ಟಿಗೆ ಅನೂರ್ಜಿತ.
ಕೇಳಿದ್ದರೆ ಹೇಳುತ್ತಿದ್ದೆ.
ಟೈಪಿಸ್ಟನ ಬಾಯನ್ನು ಯಾರು ಕೇಳುತ್ತಾರೆ?
ಪುಟಕ್ಕೆ ಇಪ್ಪತ್ತು ರೂಪಾಯಿ ತಗೊಂಡೆ.

ನಾಲ್ಕನೆಯ ವರ್ಷ ಅವನು ಮತ್ತೆ ಬಂದ, ಒಬ್ಬನೇ,
ಮಡಿಚಿ ಮಡಿಚಿ ಸವೆದ ಒಂದು ನೋಟೀಸಿನ ಜೊತೆ.
ಕೌಲ್ ಬಜಾರಿನಲ್ಲೇ, ಎರಡು ಗಲ್ಲಿ ಆಚೆ
ಹೆಚ್ಚು ಕೂಲಿಗೆ ಸೇರಿದ್ದನಂತೆ. ನೋಟೀಸು ಬಂದದ್ದೇ
ಕತ್ತರಿ ಕೆಳಗಿಟ್ಟ.
ನಲವತ್ತು ದಿನ ಮೆಣಸಿನಕಾಯಿ ಗೋದಾಮಿನಲ್ಲಿ
ದಬ್ಬಳದಿಂದ ಚೀಲದ ಬಾಯಿ ಹೊಲಿದ.
"ಅದು ಪ್ಯಾಂಟಲ್ಲವಲ್ಲಣ್ಣಾ" ಅಂದ, ಸೀನುತ್ತಾ.

ಅಷ್ಟರಮಟ್ಟಿಗೆ ಅಂದರೆ ಎಷ್ಟು?
ನಲವತ್ತು ದಿನ ಯಾವ ಕಲಮಿನೊಳಗೆ ಬರುತ್ತದೆ?

ವಕೀಲೆ ಫರ್ಹತ್ ನಿಂತಲ್ಲೇ ಉತ್ತರ ಹೇಳಿದರು:
ಕೆಲಸದಲ್ಲಿದ್ದಷ್ಟು ದಿನ ಆ ಕಟ್ಟು ಸರಿ,
ಬಾಗಿಲು ದಾಟಿದ ಮೇಲೆ ಇಲ್ಲ.
ರಟ್ಟಿನ ಮಾದರಿಗಳು ಮಾಲೀಕರವು,
ಒಂದಾದರೂ ತಂದಿದ್ದರೆ ಇವತ್ತೇ ಕೊಟ್ಟು ಬಾ.
ಕೈ ನಿನ್ನದು.

ಕೈ ಎಂದು ನಾನು ಟೈಪು ಮಾಡಲಿಲ್ಲ.
"ನಮ್ಮ ಕಕ್ಷಿದಾರರ ಕೌಶಲ್ಯವು" ಎಂದು ಹೊಡೆದೆ.
ಪುಟಕ್ಕೆ ಇಪ್ಪತ್ತೈದು; ದರ ಏರಿತ್ತು.
ಚಿಲ್ಲರೆ ಎಣಿಸುತ್ತಾ ಅವನು ಕೇಳಿದ:
"ಅವತ್ತೇ ಗೊತ್ತಿತ್ತಾ ಅಣ್ಣಾ ನಿಮಗೆ?"
ರಿಬ್ಬನ್ ಸಿಕ್ಕು ಬಿಡಿಸುವ ನೆವದಲ್ಲಿ
ತಲೆ ಬಗ್ಗಿಸಿದೆ. ಸಿಕ್ಕೇನೂ ಇರಲಿಲ್ಲ.

ಈಗ ರಸ್ತೆಯಾಚೆ, ಝೆರಾಕ್ಸ್ ಅಂಗಡಿಯ ಮೆಟ್ಟಿಲ ಮೇಲೆ
ನಾಗವೇಣಿ ಕೂರುತ್ತಾಳೆ, ತೊಡೆ ಮೇಲೆ ಲ್ಯಾಪ್‌ಟಾಪು.
ಆರು ವರ್ಷ ನನ್ನ ಎಡಕ್ಕೆ ಕೂತು ಕಲಿತವಳು.
ನನ್ನ ಪೀಠಿಕೆ, ನನ್ನ "ರಾಜಿಖುಷಿಯಿಂದ",
ಸಾಲು ಉಸಿರು ಕಟ್ಟುವಲ್ಲಿ ನಾನಿಡುವ ಅಲ್ಪವಿರಾಮ,
ಎಲ್ಲ ಅಲ್ಲಿ. ನನ್ನ ಗಿರಾಕಿಗಳೂ.

ನಿನ್ನೆ ಸಂಜೆ, ಯಾರೂ ಇಲ್ಲದಾಗ,
ಒಂದು ಹಾಳೆ ಉರುಳೆಗೆ ಸಿಕ್ಕಿಸಿದೆ.
"ಐವತ್ತು ಅಡಿಯೊಳಗೆ" ಎಂದು ಹೊಡೆದೆ.
ಮುಂದಿನ ಪದ ಬೆರಳಿಗೆ ಬರುವಷ್ಟರಲ್ಲಿ
ಅವಳೇ ರಸ್ತೆ ದಾಟಿ ಬಂದಳು, ಚಪ್ಪಲಿ ಟಪಟಪ:
"ಸಾರ್, ಅನೂರ್ಜಿತ ಅನ್ನೋದಕ್ಕೆ
ದೀರ್ಘವೋ, ಹ್ರಸ್ವವೋ?"

ಮೊಣಕೈ ಅಡ್ಡ ಇಟ್ಟು ಹಾಳೆ ಮುಚ್ಚಿದೆ.
ದೀರ್ಘ, ಅಂದೆ.