ಹಗೂರ

ಡೆರಿಕ್ ನನ್ನ ಕರೆಸಿದ್ದು ಕುಡಿಯಾಕಲ್ಲ,
ನಾಲಿಗಿ ಸಲುವಾಗಿ.
ಇಪ್ಪತ್ತಾರು ವರ್ಷ ಧಾರವಾಡದಾಗ
ಪೇಡೆದ ಕಡಾಯಿ ಮುಂದ ನಿಂತಾಕಿ ನಾ.
ಖೋವಾ ಯಾವಾಗ ಬಣ್ಣ ತಿರಗತೈತಿ,
ಯಾವಾಗ ಸೀಯತೈತಿ,
ನಡುವ ಎಷ್ಟು ಉಸಿರಿನ ಜಾಗಾ ಐತಿ,
ಮೂಗು ಹೇಳತೈತಿ, ಗಡಿಯಾರ ಅಲ್ಲ.

ಕೇಶ್ವಾಪುರದ ಮಾಳಗಿ. ಹತ್ತೊಂಬತ್ತು ಮೆಟ್ಟಲ.
ಎಣಿಸಿಕೋತ ಏರಿದೆ, ಮೊಣಕಾಲಿಗೆ ಲೆಕ್ಕ ಬೇಕಾಗತೈತಿ.
ಮ್ಯಾಲೆ ನೀಲಿ ಡ್ರಮ್ಮು, ರಬ್ಬರ್ ನಳಿಗಿ,
ತೊಳೆದು ಬೋರಲು ಹಾಕಿದ ಬಾಟಲಿ.
ಪರಾತದಾಗ ಮೊಳಕಿ ಒಡಿಸಿ ಹುರಿದ ಜವಿಗೋದಿ.
ಮೊದಲು ಅದನ್ನಽ ನಾಕು ಕಾಳು ಬಾಯಿಗೆ ಹಾಕ್ಕೊಂಡೆ.
ಕಟುಂ ಅಂತು. ಇದ್ದಲಿ ಹತ್ತಿರ ಹೋಗಿ ಬಂದೈತಲ್ಲೋ ಅಂದೆ.
"ಚೂರಽ ಹಾಕೀನಿ ಅವ್ವಾ, ಬಣ್ಣಕ್ಕ."

ನೀರು ಯಾವುದು ಕೇಳಿದೆ.
ಮಲಪ್ರಭಾದ್ದು, ಎಂಟು ದಿನಕ್ಕೊಮ್ಮಿ ಬರೂದು,
ನಳ ಬಂದ ದಿನಾನಽ ಕುದಿಸತೇನಿ ಅಂದ.
ಹಂಗಾರ ನಿನ್ನ ಹಬ್ಬ ನಿನ್ನ ಕೈಯಾಗಿಲ್ಲ ಬಿಡು.

ಸ್ಟೀಲ್ ಲೋಟ ಬ್ಯಾಡಂದೆ. ಗಾಜಿಂದು ತಂದು ಬಗ್ಗಿಸಿದ.
ನೊರಿ ಬಂತು, ಕುಂತಿತು,
ಸಾಲ ಕೇಳಾಕ ಬಂದಾವರ ಹಂಗ, ಒಂದು ಅಂಚಿಗೆ.
ಕಪ್ಪು ಅಂದಕೊಂಡಿದ್ದೆ.
ಮುಳುಗೂ ಹೊತ್ತಿನ ಕಡೆ ಹಿಡಿದೆ: ತಳದಾಗ ಕೆಂಪು,
ಹುಣಸಿಹಣ್ಣು ರಾತ್ರಿ ನೆನೆಸಿಟ್ಟ ನೀರಿನ ಕೆಂಪು.
ಮೂಗಿಗೆ ಬಂದದ್ದು ಹಂಚಿನ ಮ್ಯಾಲೆ ಮರತ ರೊಟ್ಟಿ ಅಂಚು,
ಆಮ್ಯಾಲೆ ಬೆಲ್ಲದ ಗಡಗಿ ತಳ,
ಎಲ್ಲೋ ಭಾಳ ಹಿಂದ ಒಂದು ಉತ್ತತ್ತಿ.

ಗುಟುಕು.
ಕಾದೆ. ಗಂಟಲ ಸುಡಲಿಲ್ಲ.
ಇನ್ನೊಂದು. ತೆಳ್ಳಗ, ನೀರಿಗಿಂತ ಒಂದು ಮಾತು ಹೆಚ್ಚು.
ಸಿಹಿ ಬಂದು ಕುಂಡ್ರೂದರಾಗ ಎದ್ದು ಹೋತು,
ಕಹಿ ಬಾಗಿಲದಾಗ ನಿಂತಿತ್ತು, ಒಳಗ ಬರಲೇ ಇಲ್ಲ.

"ಅಮಲು ನೂರಕ್ಕ ಮೂರು ಪಾಲು ಅಷ್ಟಽ.
ಇಂಗ್ಲಂಡಿನಾಗ ಭಟ್ಟಿ ಮಂದಿ, ಗಣಿ ಮಂದಿ
ಪಾಳಿ ಬಿಟ್ಟು ಕುಡೀತಿದ್ದರಂತ. ಮೈಲ್ಡ್ ಅಂತಾರ."
ಗೂಡ್ಸ್ ಗಾಡಿ ಗದಗಿನ ಕಡೆ ಹೊಂಟಿತ್ತು.
ಇವರಜ್ಜ ವರ್ಕ್‌ಶಾಪಿನಾಗ ರಿವೆಟ್ ಬಡದು ಬಡದು ಕಿವುಡಾದಾಂವ,
ಇವ ಮಾತಾಡೂದೂ ಅದಕ್ಕಽ ದೊಡ್ಡ ದನಿಲೆ.
ಮೈಲ್ಡ್. ಆ ಶಬ್ದಾನೂ ಬಾಯಾಗ ಹೊರಳಿಸಿ ನೋಡಿದೆ.
ಮೆತ್ತಗ? ಅಲ್ಲ. ಸಪ್ಪಗ? ಅದು ಬೈಗುಳ.
ಹಗೂರ.
ಹೌದು, ಹಗೂರ.

ನಮ್ಮನಿಯಾಂವ ಕುಡಿದದ್ದು ಪಾಕೀಟು,
ಹಲ್ಲಿಲೆ ಹರದು, ನಿಂತಲ್ಲೇ, ಕಣ್ಣು ಮುಚ್ಚಿ.
ರುಚಿ ಹೆಂಗಿರತೈತಿ ಅಂತ ಒಮ್ಮಿ ಕೇಳಿದ್ದೆ.
ಅದಕ್ಕೆಲ್ಲಿ ರುಚಿ, ಮಳ್ಳಿ, ಅಂದು ನಕ್ಕಿದ್ದ.
ಹಿಂಗೂ ಒಂದಿರತೈತಿ,
ಕುಂತು, ಮಾತಾಡಿಕೋತ,
ಮುಗಿದ ಮ್ಯಾಲೂ ಮನಿ ದಾರಿ ನೆನಪಿರೂವಂಥದು,
ಅಂತ ಅವಗ ಯಾರೂ ಹೇಳಿದ್ದಿಲ್ಲ.
ನನಗೂ.

ಡೆರಿಕ್ ವಹಿ ತೆರೆದು ಪೆನ್ನು ಹಿಡಿದು ಕುಂತಿದ್ದ.
"ಹುರಿಯೂದು ಎರಡು ಉಸಿರು ಮುಂಚೆ ಇಳಸು.
ಪರಾತಿಗೆ ಸುರಿದ ಮ್ಯಾಲೂ ಕಾವು ಒಳಗಽ ಕೂತು ಸುಡತೈತಿ,
ಅದು ನಿನ್ನ ಲೆಕ್ಕದಾಗಿಲ್ಲ.
ಮತ್ತ ಫ್ರಿಜ್ಜಿನ್ಯಾಗ ಇಡಬ್ಯಾಡ,
ಥಂಡಿಗೆ ಬೆಲ್ಲ ಮುದುಡತೈತಿ.
ಬಾಕಿ ಎಲ್ಲಾ..."
ಬಾಕಿ ಹೇಳೂದರಾಗ ಲೋಟ ಖಾಲಿ ಆಗಿತ್ತು.
ಅದನ್ನೂ ಬರಕೊಂಡ.

ಮೆಟ್ಟಲ ಇಳಿವಾಗೂ ಹತ್ತೊಂಬತ್ತಽ.
ಚಿಗರಿ ಬಸ್ಸಿನ್ಯಾಗ ಕಿಟಕಿ ಬಾಜೂ ಜಾಗಾ ಸಿಕ್ಕಿತು.
ನವನಗರ ದಾಟೂವಾಗ ಒಂದು ಸಣ್ಣ ತೇಗು,
ರೊಟ್ಟಿ ಅಂಚಿನ ವಾಸನಿ.
ಬಾಜೂದಾಕಿ ತಿರುಗಿ ನೋಡಿದಳು.
"ಪೇಡೆದ ಭಟ್ಟ್ಯಾಗ ಕೆಲಸ ರೀ" ಅಂದೆ.