ಒಂದು ಕೂದಲೂ ಕೊಂಕದೆ

ತಲೆ ತುಸು ಬಗ್ಗಿಸು, ಜುಂಬೇರ್.
ಹೌದು, ಬಾಗಿಲು ತೆರೆದದ್ದು ಮೂರು ತಿಂಗಳ ಮೇಲೆ.
ಕಡಲ ಉಪ್ಪಿಗೆ ಬೀಗ ತುಕ್ಕು ಹಿಡಿದಿತ್ತು,
ಎಣ್ಣೆ ಬಿಟ್ಟು ತೆಗೆದೆ.

ಏನಾಗಿತ್ತು ಅಂತ ಕೇಳಲು ನಿನಗೆ ಸಂಕೋಚ,
ಕನ್ನಡಿಯಲ್ಲಿ ಕಾಣುತ್ತದೆ. ಹೇಳುತ್ತೇನೆ.
ನಗಬಹುದು, ಕತ್ತರಿ ಕಿವಿಯ ಬಳಿ ಬಂದಾಗ ಮಾತ್ರ ಬೇಡ.

ಎಡ ಪಕ್ಕೆಯ ಕೆಳಗೆ ಏನೋ ಭಾರ,
ಎರಡೇ ತುತ್ತಿಗೆ ಹೊಟ್ಟೆ ತುಂಬಿದ ಹಾಗೆ.
ತ್ಸಿಯಾಲಾ ಬಡಿಸಿದ ಗೋಮಿ ತಟ್ಟೆಯಲ್ಲೇ ಆರಿ ಗಟ್ಟಿಯಾಗುತ್ತಿತ್ತು;
ಕೈರುಚಿ ಕೆಟ್ಟಿತೇ ಎಂದು ಮುನಿಸಿಕೊಂಡಳು.
ಗುಲ್ಮ ಊದಿತ್ತಂತೆ,
ಎರಡು ಅಂಗೈ ಇಟ್ಟರೂ ಮುಚ್ಚದಷ್ಟು.

ತಿಬ್ಲಿಸಿಯಲ್ಲಿ ಸೊಂಟದ ಮೂಳೆಗೆ ಸೂಜಿ ಇಳಿಸಿ ಎಳೆದರು.
ಮಜ್ಜೆ ಬರಲಿಲ್ಲ. ಮತ್ತೆ ಎಳೆದರು.
ಒಣ ಬಾವಿ.
ಮೂವತ್ತೆಂಟು ವರ್ಷ ಈ ಕುರ್ಚಿಯ ಹಿಂದೆ ನಿಂತ ಮೂಳೆ
ಒಂದು ತೊಟ್ಟೂ ಕೊಡಲಿಲ್ಲ.
ಯಾಕೋ ನಾಚಿಕೆಯಾಯಿತು, ಗಿರಾಕಿಗೆ
ಬಿಸಿನೀರಿಲ್ಲ ಅನ್ನುವಾಗ ಆಗುವಂಥದ್ದು.

ಡಾಕ್ಟರ್ ಮಾಕ್ವಾಲಾ ಸೂಕ್ಷ್ಮದರ್ಶಕದ ಬಳಿ ಕರೆದು ತೋರಿಸಿದಳು:
ನೇರಳೆ ಬಣ್ಣ ಹಚ್ಚಿದ ಬಿಳಿ ರಕ್ತಕಣ,
ಅಂಚಿಗೆಲ್ಲ ನವಿರು ಕೂದಲು, ಬಾಚದ್ದು.
'ಕೂದಲಿನ ಕಣ ಅಂತಲೇ ಇದರ ಹೆಸರು' ಅಂದಳು.
ನನ್ನ ಕಸುಬು ಅವಳಿಗೆ ಗೊತ್ತಿರಲಿಲ್ಲ.

ನಕ್ಕೆಯಲ್ಲ! ನಾನೂ ನಕ್ಕಿದ್ದೆ.
ಪೋತಿ ಬಂದರಿನ ಅರ್ಧ ತಲೆಗಳು ಈ ಕೈಯೊಳಗೆ,
ಸಂಜೆಸಂಜೆ ಗುಡಿಸಿ ಚೀಲಕ್ಕೆ ತುಂಬಿದವನಿಗೆ
ತನ್ನೊಳಗೆ ಬೆಳೆದದ್ದು ಕಾಣಲಿಲ್ಲ.

ಏಳು ದಿನ, ಏಳು ರಾತ್ರಿ ಒಂದೇ ಔಷಧ ತೊಟ್ಟಿಕ್ಕಿತು.
ಒಂಬತ್ತನೆಯ ದಿನ ಜ್ವರ. ಯಾರನ್ನೂ ಬಿಡಲಿಲ್ಲ.
ತ್ಸಿಯಾಲಾ ಗಾಜಿನಾಚೆ ನಿಂತು, ಉಸಿರು ಊದಿ,
ಬೆರಳಲ್ಲಿ ಏನೋ ಬರೆದಳು. ನನ್ನ ಕಡೆಯಿಂದ ತಿರುಗುಮುರುಗು.
ಕನ್ನಡಿಯಲ್ಲಿ ಓದಿ ರೂಢಿಯವ, ಓದಿದೆ:
'ಅಂಗಡಿ ಬಾಡಿಗೆ ಕಟ್ಟಿದೆ.'

ಬೆಳಿಗ್ಗೆ ಎದ್ದು ದಿಂಬು ತಡವುತ್ತಿದ್ದೆ.
ಪಕ್ಕದ ಹಾಸಿಗೆಯ ಹುಡುಗನ ತಲೆ ಬೋಳು.
ನನ್ನ ದಿಂಬಲ್ಲಿ ಏನೂ ಇಲ್ಲ.
ನೆತ್ತರೊಳಗಿನದನ್ನೆಲ್ಲ ನುಣ್ಣಗೆ ಬೋಳಿಸಿದ್ದು
ತಲೆಯ ಒಂದು ಕೂದಲನ್ನೂ ಕೊಂಕಿಸಲಿಲ್ಲ.
ಅಂಥ ಕೈ ನನಗಿಲ್ಲ, ಜುಂಬೇರ್.
ಆ ಹುಡುಗನ ಕಡೆ ನೋಡಲಾರದೆ
ಟೋಪಿ ಹಾಕಿಕೊಂಡೇ ಕೂತಿರುತ್ತಿದ್ದೆ.

ಹೋಯಿತೇ ಅಂತೀಯ?
ಬೇರು ಸಮೇತ ಹೋಗುವುದಲ್ಲ.
ಹತ್ತು ವರ್ಷ ಸುಮ್ಮನಿರಬಹುದಂತೆ. ಎರಡೂ ಇರಬಹುದು.
ಕೂದಲು ತಾನೆ, ಮತ್ತೆ ಬೆಳೆಯುತ್ತದೆ,
ನನ್ನ ಹೊಟ್ಟೆಪಾಡೇ ಅದು.

ಅಲ್ಲಾಡಬೇಡ, ಬಲಗಡೆ ಚೂರು ಉದ್ದ ಉಳಿದಿದೆ.
ಹಾಂ. ಆಯಿತು.
ದುಡ್ಡು ಅಲ್ಲಿಡು.
ಬಗ್ಗಿದರೆ ಇನ್ನೂ ತಲೆ ಸುತ್ತುತ್ತದೆ;
ಪೊರಕೆ ಬಾಗಿಲ ಹಿಂದಿದೆ,
ಇವತ್ತು ನಿನ್ನದನ್ನು ನೀನೇ ಗುಡಿಸಿ ಹೋಗು.