ಹನ್ನೆರಡೂವರೆಯ ಸಂದೇಶಗಳು

ದಿನಕ್ಕೆರಡು ಸಲ ಓದುತ್ತೇನೆ ನಾನು,
ಮಧ್ಯಾಹ್ನ ಹನ್ನೆರಡೂವರೆಗೆ, ರಾತ್ರಿ ಎಂಟಕ್ಕೆ.
ಪಾತಗೋನಿಯಾದ ಈ ಬಯಲಲ್ಲಿ ಫೋನು ಹಿಡಿಯುವುದಿಲ್ಲ,
ಟಪಾಲು ತಿಂಗಳಿಗೊಮ್ಮೆ, ಅದೂ ದಾರಿಯ ಹಿಮ ಕರಗಿದ್ದರೆ.
ಹಾಗಾಗಿ ಜನ ರೇಡಿಯೋ ಕಚೇರಿಗೆ ಚೀಟಿ ಕಳಿಸುತ್ತಾರೆ,
ಉಣ್ಣೆ ಲಾರಿಯವನ ಕೈಲಿ, ಲಸಿಕೆ ಹಾಕುವ ನರ್ಸಿನ ಕೈಲಿ.
ಇಪ್ಪತ್ತು ಪದ, ಹೆಚ್ಚಿಲ್ಲ. ಪುಕ್ಕಟೆ.

'ಕುದುರೆಹಳ್ಳದ ರೊಸೆಂದೊಗೆ: ಅಮ್ಮನ ಆಪರೇಷನ್ ಆಯಿತು, ಆರಾಮಿದ್ದಾಳೆ.'
'ಮೂರುಬಾವಿಯವರಿಗೆ: ಗುರುವಾರ ಟಗರು ತರುತ್ತೇವೆ. ಗೇಟು ತೆಗೆದಿಡಿ.'
ಹದಿನೇಳು ವರ್ಷ ಇದನ್ನೇ ಓದಿದೆ.
ಯಾರ ಹೆರಿಗೆ, ಯಾರ ಸಾವು, ಯಾರಿಗೆ ಟ್ರ್ಯಾಕ್ಟರ್ ಟೈರು,
ಎಲ್ಲಕ್ಕೂ ಒಂದೇ ದನಿ.
ಅಳು ನುಂಗುವುದೂ ಸಂಬಳದೊಳಗೇ ಸೇರಿದ್ದು.

ಒಂದು ಜೂನ್‌ನಲ್ಲಿ, ಚಳಿ ಕಚ್ಚುವ ಹೊತ್ತಿಗೆ, ಬಂತು ಈ ಚೀಟಿ,
ಸಕ್ಕರೆ ಪೊಟ್ಟಣದ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ:
'ಕಪ್ಪುನೀರಿನಿಂದ ಎರ್ಮೆಲಿಂದಾ. ಕೇಳುವವರಿಗೆ:
ಬಿಳಿ ಕುರಿ ಕಳೆದಿದೆ. ಹಿಮದಲ್ಲಿ ಹುಡುಕಿದೆ.
ಹುಡುಕುತ್ತ ಹುಡುಕುತ್ತ ನಾನೇ ಬೆಳ್ಳಗಾದೆ.'

ಕುರಿ ಕಳೆದ ಸುದ್ದಿ ಎಂದೇ ಓದಿದೆ.
ಮುಂದಿನದು ಟೈರು. ಅದನ್ನೂ ಓದಿದೆ.

ಒಂಬತ್ತು ದಿನ ಬಿಟ್ಟು, ಮೂರುಬಾವಿಯಾಚೆ
ಬೇಲಿ ಕಟ್ಟುವ ಒನೊಫ್ರೆಯಿಂದ:
'ಕಪ್ಪುನೀರಿನವರಿಗೆ: ನಿಮ್ಮ ಕುರಿ ಇಲ್ಲಿಗೆ ಬಂದಿಲ್ಲ.
ಐದನೇ ತಂತಿಗೆ ಅದರ ಬಿಳುಪು ಮಾತ್ರ ಸಿಕ್ಕಿಕೊಂಡಿದೆ.'

ಇಬ್ಬರ ನಡುವೆ ನೂರಾ ನಲವತ್ತು ಕಿಲೋಮೀಟರ್,
ಗಾಳಿ, ಮುಳ್ಳುಪೊದೆ, ಗ್ವಾನಾಕೊಗಳ ಹಿಂಡು.
ಒಬ್ಬರ ಮುಖ ಇನ್ನೊಬ್ಬರು ಕಂಡವರಲ್ಲ.

ಚಳಿಗಾಲವಿಡೀ ಹೀಗೇ, ಜಾನುವಾರು ಸುದ್ದಿಯ ವೇಷ ತೊಟ್ಟು
ಸಾಲುಗಳು ನನ್ನ ಬಾಯಿಯನ್ನು ದಾಟಿ ಹೋದವು.
ಆಗಸ್ಟಿಗೆ ವಸತಿಶಾಲೆಯ ಅಡುಗೆಯವಳೊಬ್ಬಳು ಸೇರಿದಳು,
ಉಪ್ಪಿನ ಬಗ್ಗೆ ಬರೆಯುತ್ತಿದ್ದಳು, ಉಪ್ಪಿನ ಬಗ್ಗೆ ಮಾತ್ರ.
ಕಣ್ಣು ಮಂಜಾದ ಪ್ರಿಚರ್ಡ್ ತಾತ ಮೊಮ್ಮಗಳ ಕೈಲಿ ಬರೆಸಿದ:
'ಎರಡನೇ ಸಾಲು ಉದ್ದವಾಯಿತು, ಒನೊಫ್ರೆ.
ತಂತಿ ಸಡಿಲ ಬಿಟ್ಟರೆ ಕುರಿ ನುಗ್ಗುತ್ತೆ.'
ಆ ವಾರ ಒನೊಫ್ರೆಯಿಂದ ಚೀಟಿಯಿಲ್ಲ.
ಮರುವಾರ ಬಂತು. ಏಳೇ ಪದ.

ಎಲ್ಲಿಯವನೋ ಬೆಲಾರ್ಮಿನೊ, ವಿಳಾಸ ಕೊಡದವನು:
'ನನಗೆ ಬರೆಯಲು ಬರದು, ಇದನ್ನೂ ಬೇರೆಯವರು ಬರೆದದ್ದು.
ಲಾರಿಯ ಬ್ಯಾಟರಿ ಬಿಚ್ಚಿ ರೇಡಿಯೋಗೆ ಹಾಕಿದ್ದೇನೆ. ನಿಲ್ಲಿಸಬೇಡಿ.'

ಮ್ಯಾನೇಜರ್ ಕೇಳಿದ, ಇದೆಂಥ ಸಂದೇಶ ಮಾರಾಯ?
ಕೊನೆಗೂ ಕುರಿ ಸಿಕ್ಕಿತೋ ಇಲ್ಲವೋ?
ಹುಡುಕುತ್ತಿದ್ದಾರೆ, ಅಂದೆ.

ಇನ್ನು ನನ್ನ ಕಳ್ಳತನ ಹೇಳಬೇಕು.
ಎರ್ಮೆಲಿಂದಾ ಬರೆದಿದ್ದಳು:
'ಗಂಡ ಹೋದ ಮೇಲೆ, ರಾತ್ರಿ, ಬಾಗಿಲು
ಎರಡೆರಡು ಸಲ ಬಡಿದುಕೊಳ್ಳುತ್ತದೆ.'
ಬಾಗಿಲು ಯಾಕೋ ಸಪ್ಪೆ ಅನಿಸಿತು.
ಗಾಳಿ ಎಂದು ಓದಿಬಿಟ್ಟೆ.
ಯಾರಿಗೆ ಗೊತ್ತಾಗುತ್ತೆ, ಇಡೀ ಬಯಲಿಗೆ ನಾನೇ ಬಾಯಿ.

ಇವತ್ತು ಬಂತು ಉತ್ತರ:
'ಓದುವವರಿಗೆ: ನಾನು ಬರೆದದ್ದು ಬಾಗಿಲು.
ಗಾಳಿ ಎಲ್ಲರದು. ಬಾಗಿಲು ನನ್ನದು. ವಾಪಸ್ ಇಡಿ.'

ಹದಿನೇಳು ವರ್ಷದಲ್ಲಿ ನನಗೆಂದು ಬಂದ ಮೊದಲ ಸಂದೇಶ.
ಬಂದದ್ದನ್ನು ಓದಬೇಕಲ್ಲ, ಮೈಕಿನ ಮುಂದೆ ಓದಿದೆ,
ಕಿವಿ ಬಿಸಿಯಾಗಿ. ಆಮೇಲೆ ಬಾಗಿಲನ್ನು
ಅದರ ಜಾಗದಲ್ಲಿ ನಿಲ್ಲಿಸಿ ಹಳೆಯ ಸಾಲನ್ನು ಮತ್ತೆ ಓದಿದೆ.
ಎರಡು ಸಲ.

ಈಗ ಮನೆಯಲ್ಲಿ, ಸೋರೆಬುರುಡೆಯಲ್ಲಿ ಮಾಟೆ ಕಷಾಯ ಆರುತ್ತಿದೆ.
ಮೇಜಿನ ಮೇಲೆ ಉಣ್ಣೆ ದರದ ಪಟ್ಟಿ, ಅದರ ಹಿಂಬದಿ ಖಾಲಿ.
ಇಪ್ಪತ್ತು ಪದವೆಂದರೆ ಎಷ್ಟೊಂದು ಎಂದು ಇವತ್ತೇ ತಿಳಿದದ್ದು.
ಹನ್ನೆರಡಕ್ಕೆ ನಿಂತೆ.

ನಾಳೆ ಮಧ್ಯಾಹ್ನ, ಟಗರು ಟೈರುಗಳ ನಡುವೆ,
ಅದೇ ದನಿಯಲ್ಲಿ ಓದಬೇಕು:
'ಊರಿನಿಂದ ಓದುವವನು. ಕಪ್ಪುನೀರು, ಮೂರುಬಾವಿ,
ಶಾಲೆಯ ಅಡುಗೆಮನೆ, ಪ್ರಿಚರ್ಡ್ ತಾತನಿಗೆ:
ಇಲ್ಲೂ ಒಂದು ಕುರಿ ಕಳೆದಿದೆ.'

ಬೆಲಾರ್ಮಿನೊ ಬಿಟ್ಟುಹೋದ. ಅವನಿಗೆ ವಿಳಾಸವಿಲ್ಲ, ಕೇಳುತ್ತಾನೆ.
ತಾತ ಏನಾದರೊಂದು ತಪ್ಪು ತೆಗೆದೇ ತೆಗೆಯುತ್ತಾನೆ.
ತೆಗೆಯಲಿ.